ಉಡಿಯಲ್ಲಿ ಬಂದ ನಿದ್ದೆ

"ಈಗ ಆರಾಮ ಅದೇನ್ರಿ?" ಎಂದು ಸಿಕ್ಕವರೆಲ್ಲ ಕೇಳುತ್ತಾರೆ. "ಆರಾಮ ಅದರಿ" ಎನ್ನುತ್ತೇನೆ. ತರಕಾರಿ ಗಾಡಿಯ ಮುಂದೆ ನಿಂತು ಕೇಳಿದ ಪ್ರಶ್ನೆಗೆ ಅಷ್ಟು ಉತ್ತರ ಸಾಕು. ನಿಜವಾದ ಉತ್ತರ ಉದ್ದ ಇದೆ. ಅದನ್ನು ಹೇಳಲು ನನಗೂ ತ್ರಾಣವಿಲ್ಲ, ಕೇಳಲು ಅವರಿಗೂ ಪುರುಸೊತ್ತಿಲ್ಲ. ಆದರೆ ಗಡ್ಡೆ ತೆಗೆಸಿಕೊಂಡು, ಕೀಮೋ ಮುಗಿಸಿಕೊಂಡು, ಊರೆಲ್ಲ "ಮುಗೀತಲ್ಲ, ಪಾರಾದಿ" ಎಂದ ಮೇಲೂ ಮುಗಿಯದೇ ಉಳಿದ ಹೆಂಗಸರು ಅಲ್ಲಲ್ಲಿ ಇದ್ದಾರೆ, ನನಗೆ ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿದ್ದೆ ಬಾರದೆ ಹೊರಳಾಡುವವರು ನೀವೊಬ್ಬರೇ ಅಲ್ಲ. ಇಲ್ಲಿ ಪುಣೆಯ ಖಡಕಿಯಲ್ಲಿ ನಾನೂ ಒಬ್ಬಳು ಇದ್ದೇನೆ.

ನಮ್ಮದು ಆಳಂದದ ಕಡೆಯ ಮನೆತನ. ಮನೆಯವರಿಗೆ ಖಡಕಿಯ ಕಾರ್ಖಾನೆಯಲ್ಲಿ ಕೆಲಸ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಬಂದು ಇದ್ದಾರೆ. ನಾನು ಮಗರಪಟ್ಟಾದ ಒಂದು ಐಟಿ ಆಫೀಸಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದೆ, ಅದೂ ರಾತ್ರಿ ಪಾಳಿಯಲ್ಲಿ. ಎಲ್ಲೋ ದೂರದ ದೇಶದ ಹಗಲಿಗೆ ಹೊಂದಿಕೊಂಡು ಇಲ್ಲಿಯ ಹುಡುಗ ಹುಡುಗಿಯರು ರಾತ್ರಿ ದುಡಿಯುತ್ತಿದ್ದರು. ಅವರ ಮೇಜು, ಊಟದ ಕೋಣೆ, ಕಕ್ಕಸು ಸ್ವಚ್ಛ ಇಡುವವರನ್ನು ನಾನು ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಮನೆಗೆ ಬಂದು ಸ್ನಾನ ಮಾಡುವಾಗ ಒಂದು ದಿನ ಎಡಗಡೆ ಎದೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ಹತ್ತಿತು. ಅಲ್ಲಿಂದ ಶುರುವಾದದ್ದು.

ಸೂಜಿ ಚುಚ್ಚಿ ತೆಗೆದ ತುಣುಕಿನ ವರದಿ ಬಂದ ದಿನ ನಮ್ಮ ಮನೆಯವರು ಡಾಕ್ಟರ ಮುಂದೆ ಬಾಯಿ ಬಿಡಲಿಲ್ಲ. ಮನೆಗೆ ಬಂದವರೇ ಸ್ಟೂಲ್ ಹತ್ತಿ ಸೀಲಿಂಗ್ ಫ್ಯಾನು ಬಿಚ್ಚಿ ಎಣ್ಣೆ ಹಾಕಲು ಕುಳಿತರು. ಫ್ಯಾನಿಗೆ ಏನೂ ಆಗಿರಲಿಲ್ಲ. ನಾನು ಕೆಳಗೆ ನಿಂತು "ಏನರೆ ಮಾತಾಡ್ರಿ" ಎಂದೆ. "ನಟ್ಟ್ ಬಿಚ್ಚೂ ಪಾನಾ ಕೊಡು" ಎಂದರು. ಕೊಟ್ಟೆ. ಅತ್ತೆ ಇನ್ನೂ ಮುಂದೆ ಹೋಗಿ ಓಣಿಗೆಲ್ಲ ನನಗೆ ಟೈಫಾಯಿಡ್ ಆಗಿದೆ ಎಂದು ಹೇಳಿದರು. ತಲೆಕೂದಲು ಉದುರಿದ ಮೇಲೆಯೂ ಅದನ್ನೇ ಹೇಳಿದರು, "ಭಾಳ ಕೆಟ್ಟ ಟೈಫಾಯಿಡ್ ಅದರಿ ಇದು" ಎಂದು ಸೇರಿಸಿದರು ಅಷ್ಟೇ. ಯಾರೂ ನಂಬಲಿಲ್ಲ, ಯಾರೂ ಎದುರು ಹೇಳಲೂ ಇಲ್ಲ. ಅದೊಂದು ದೊಡ್ಡ ಉಪಕಾರ ಎಂದು ಈಗ ಅನ್ನಿಸುತ್ತದೆ.

ಆಸ್ಪತ್ರೆಯ ಬಾಕಿನ ಮೇಲೆ ಕುಳಿತ ಲೆಕ್ಕ ನಾನು ಇಟ್ಟಿಲ್ಲ. ಎಸಿಯ ಚಳಿ, ಮರಾಠಿಯಲ್ಲಿ ಹೆಸರು ಕೂಗುವ ಧ್ವನಿ, ಗೋಡೆಯ ಟಿವಿಯಲ್ಲಿ ಧ್ವನಿಯಿಲ್ಲದೆ ಯಾರೋ ಪನೀರ್ ಕರಿಯುತ್ತಿರುವುದು. ಕೀಮೋದ ದಿನಗಳಲ್ಲಿ ಒಮ್ಮೆ ಪಕ್ಕದ ಹೆಂಗಸು ಥಾಲಿಪೀಠದ ಡಬ್ಬಿ ತೆರೆದಳು. ವಾಸನೆಗೆ ನನಗೆ ಹೊಟ್ಟೆ ತೊಳಸಿ ಬಂದು ಮುಖ ಆ ಕಡೆ ತಿರುಗಿಸಿದೆ. ಆಕೆ ಮುಚ್ಚಳ ಹಾಕಿ, ಹಸಿದುಕೊಂಡೇ ಕುಳಿತಳು. ಅವಳ ಹೆಸರು ನನಗೆ ಗೊತ್ತಿಲ್ಲ. ಅವಳ ಊಟ ಕೆಡಿಸಿದ ಸಂಕಟ ಮಾತ್ರ ಇನ್ನೂ ಇದೆ.

ಕೀಮೋದಿಂದ ನನ್ನ ಬೆರಳ ತುದಿಗಳು ಜೋಮು ಹಿಡಿದಂತೆ ಆದವು. ಗುಳಿಗೆಯ ಪಟ್ಟಿಯನ್ನು ಒತ್ತಿ ಗುಳಿಗೆ ಹೊರಗೆ ತೆಗೆಯುವುದೂ ಆಗುತ್ತಿರಲಿಲ್ಲ. ಆಗ ಅತ್ತೆ ಆ ಕೆಲಸ ಕೈಗೆ ತೆಗೆದುಕೊಂಡರು. ಅವರಿಗೆ ಇಂಗ್ಲಿಷ್ ಬಾರದು, ಕನ್ನಡವೂ ಕೂಡಿಸಿ ಕೂಡಿಸಿ ಓದುತ್ತಾರೆ. ಹಾಗಾಗಿ ಅವರದೇ ಒಂದು ಪದ್ಧತಿ ಮಾಡಿಕೊಂಡರು. ಹಳೆಯ ಮಸಾಲೆ ಡಬ್ಬಿಯನ್ನು ತಿಕ್ಕಿ ತೊಳೆದು, ಒಳಗಿನ ಬಟ್ಟಲುಗಳಲ್ಲಿ ಗುಳಿಗೆ ಬಿಡಿಸಿ ಹಾಕಿ ಇಟ್ಟರು. ಅರಿಶಿನದ ಬಟ್ಟಲಲ್ಲಿ ಶಕ್ತಿಯ ಗುಳಿಗೆ, ಜೀರಿಗೆಯ ಬಟ್ಟಲಲ್ಲಿ ಹೊಟ್ಟೆಯದು, ಸಾಸಿವೆಯ ಬಟ್ಟಲಲ್ಲಿ ಕೊನೆಗೆ ಬಂದ ಹಾರ್ಮೋನಿನ ಸಣ್ಣ ಬಿಳಿ ಗುಳಿಗೆ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಆ ಬಿಳಿ ಗುಳಿಗೆಯನ್ನು ನನ್ನ ಅಂಗೈಗೆ ಹಾಕುವರು. ನಾನು ಕಣ್ಣೆತ್ತಿಯೂ ನೋಡದೆ ನುಂಗುತ್ತಿದ್ದೆ. ಗುಳಿಗೆಗಳಿಗೆಲ್ಲ ಜೀರಿಗೆಯ ವಾಸನೆ ಇರುತ್ತಿತ್ತು.

ಹಾರ್ಮೋನಿನ ಗುಳಿಗೆ ರೋಗ ತಿರುಗಿ ಬಾರದಿರಲಿ ಎಂದು ಕೊಡುವಂಥದ್ದು. ವರ್ಷಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕು. ಆದರೆ ಅದು ಹೊಟ್ಟೆಗೆ ಬಿದ್ದಂದಿನಿಂದ ನನ್ನ ನಿದ್ದೆ ಹೋಯಿತು. ಒಳಗಿನಿಂದ ಒಲೆ ಹಚ್ಚಿದಂತೆ ಕಾವು ಏರುವುದು, ಬೆವರು ಸುರಿಯುವುದು, ಆಮೇಲೆ ಚಳಿ. ಹಾಸಿಗೆ ಬಿಟ್ಟು ನೆಲಕ್ಕೆ, ನೆಲ ಬಿಟ್ಟು ಬಚ್ಚಲಿಗೆ. ಆಮೇಲೆ ಹಗಲಿಡೀ ಮಂಪರು. ಭಾಂಡೆ ತೊಳೆಯುತ್ತ ನಿಂತಲ್ಲೇ ಅಳು ಬರುತ್ತಿತ್ತು, ಯಾಕೆಂದು ಕೇಳಿದರೆ ಹೇಳಲು ಕಾರಣವಿರಲಿಲ್ಲ. ಕೀಮೋವನ್ನಾದರೂ ಹಲ್ಲು ಕಚ್ಚಿ ಕಳೆದೆ, ಅದಕ್ಕೊಂದು ಕೊನೆ ಇತ್ತು. ಇದು ನನ್ನನ್ನು ಮೂಳೆಯ ತನಕ ದಣಿಸಿಬಿಟ್ಟಿತು.

ಅಂಥದ್ದರಲ್ಲಿ ಸಂಕ್ರಾಂತಿ ಬಂತು. ಇಲ್ಲಿ ಪುಣೆಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯ ತನಕ ಮನೆಮನೆಗಳಲ್ಲಿ ಹಳದಿ-ಕುಂಕು ನಡೆಯುತ್ತದೆ. ಮುತ್ತೈದೆಯರನ್ನು ಕರೆದು ಅರಿಶಿನ ಕುಂಕುಮ ಹಚ್ಚಿ, ಎಳ್ಳುಬೆಲ್ಲ ಕೊಟ್ಟು, ಜೊತೆಗೆ ಒಂದು ಸಣ್ಣ ವಸ್ತು ಕೊಡುತ್ತಾರೆ. ಅದಕ್ಕೆ ವಾಣ ಎನ್ನುತ್ತಾರೆ. ಚಹಾ ಸೋಸುವ ಜಾಲರಿ, ಪ್ಲಾಸ್ಟಿಕ್ ಬುಟ್ಟಿ, ಹೀಗೆ ಏನಾದರೂ. ನಮ್ಮ ಕನ್ನಡ ಮಂದಿಯೂ ಅದನ್ನೇ ಕಲಿತಿದ್ದೇವೆ, ಆದರೆ ವಾಣವನ್ನು ನಮ್ಮ ರೀತಿಯಲ್ಲಿ ಸೆರಗಿನ ಉಡಿಯಲ್ಲಿ ಹಾಕಿಸಿಕೊಳ್ಳುತ್ತೇವೆ. ಉಡಿಗೆ ಬಂದದ್ದನ್ನು ತಿರುಗಿ ಕೊಡಬಾರದು, ಬೇರೆಯವರಿಗೆ ದಾಟಿಸಬಾರದು, ತೆಗೆದುಕೊಂಡವಳೇ ಬಳಸಬೇಕು. ಇದು ಅತ್ತೆಯ ಕಟ್ಟಪ್ಪಣೆ.

ಆ ವರ್ಷ ನಮ್ಮ ಮನೆಗೇ ನಾಲ್ಕಾರು ಜನ ಬಂದಿದ್ದರು. ಅವರಲ್ಲಿ ಸಿಂಧು ಒಬ್ಬಳು. ಮೈಸೂರಿನ ಕಡೆಯ ಹುಡುಗಿ, ನಾನು ಕೆಲಸ ಮಾಡುತ್ತಿದ್ದ ಆಫೀಸಿನಲ್ಲೇ ರಾತ್ರಿ ಪಾಳಿಯಲ್ಲಿ ಇದ್ದಾಳೆ. ಆಫೀಸಿನಲ್ಲಿ ಕನ್ನಡ ಮಾತಾಡಲು ನಾನೊಬ್ಬಳೇ ಸಿಕ್ಕಿದ್ದೆನೆಂದು ನನ್ನನ್ನು ಬಹಳ ಹಚ್ಚಿಕೊಂಡಿದ್ದಳು. ಪದ್ಧತಿ ಗೊತ್ತಿಲ್ಲದ ಹುಡುಗಿ, ವಾಣ ಕೊಡುವುದು ಕರೆದ ಮನೆಯ ಹೆಂಗಸು ಎಂಬುದನ್ನು ತಿಳಿಯದೆ ತಾನೇ ಎಲ್ಲರಿಗೂ ಒಂದೊಂದು ತಂದಿದ್ದಳು. ಬೇರೆಯವರಿಗೆ ಸಾಬೂನು, ನನಗೆ ಒಂದು ಗುಳಿಗೆಯ ಸೀಸೆ. ಅದನ್ನು ನನ್ನ ಉಡಿಯಲ್ಲಿ ಹಾಕಿ ಕುಳಿತಳು.

"ಆಂಟಿ, ಇದು ಮೆಲಟೋನಿನ್ ಅಂತ. ನಿದ್ದೆಗೆ. ನಾವು ನೈಟ್ ಶಿಫ್ಟ್ ಮಾಡೋರು ಲೈಟಲ್ಲೇ ಇರ್ತೀವಲ್ಲ, ಬಾಡೀಲಿ ಇದು ಕಮ್ಮಿ ಆಗ್ಬಿಡತ್ತಂತೆ. ಲೇಡೀಸ್ ಹೆಲ್ತ್‌ಗೆ ತುಂಬಾ ಒಳ್ಳೇದು. ಕ್ಯಾನ್ಸರ್ ಕೂಡ ಬರದೇ ಇರೋ ಹಾಗೆ ನೋಡ್ಕೊಳತ್ತಂತೆ. ನಾನೂ ತಗೋತಿದೀನಿ."

ಅವಳ ಕಣ್ಣಲ್ಲಿ ನನ್ನ ಮೇಲಿನ ಕಕ್ಕುಲಾತಿ ಇತ್ತು, ಜೊತೆಗೆ ತನ್ನ ಬಗ್ಗೆ ಭಯವೂ ಇತ್ತು. ನಾನು ಮಾಡಿದ ಪಾಳಿಯನ್ನೇ ಅವಳು ಮಾಡುತ್ತಿದ್ದಾಳೆ. "ಡಾಕ್ಟರನ್ನ ಕೇಳಿ ತಗೋತೀನಿ, ಸಿಂಧು" ಎಂದೆ. ಸೀಸೆಯನ್ನು ಅತ್ತೆ ದೇವರ ಮುಂದೆ ಇಟ್ಟರು. ವಿಧವೆಯಾದ್ದರಿಂದ ಅವರು ಹಳದಿ-ಕುಂಕು ನಡೆಯುವಾಗ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಸಿಂಧು ಹೇಳಿದ್ದನ್ನೆಲ್ಲ ಅಲ್ಲಿಂದಲೇ ಕೇಳಿಸಿಕೊಂಡಿದ್ದರು. ಸೀಸೆಯ ವಿಷಯವನ್ನು ನಾನು ಆಮೇಲೆ ಮರೆತೂ ಬಿಟ್ಟೆ.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ನನಗೆ ನಿದ್ದೆ ಬರಲು ಶುರುವಾಯಿತು. ಮೊದಲು ತುಸು ತುಸು, ಆಮೇಲೆ ಬೆಳಗಿನ ತನಕ. ಕಾವು ಏರುವುದೂ ದಿನದಿನಕ್ಕೆ ಕಡಿಮೆಯಾಗುತ್ತ ಹೋಯಿತು. ಎದ್ದಾಗ ಮೈ ಹಗುರ. ಎಷ್ಟೋ ಕಾಲದ ಮೇಲೆ ಜೋಳದ ರೊಟ್ಟಿ ಬಡಿದೆ, ಬಡಿಯುತ್ತ ಹಾಡಿಕೊಂಡೆ. ಮನೆಯವರು ಬಾಗಿಲಲ್ಲಿ ನಿಂತು ನೋಡಿ ಹೋಗಿ ನನ್ನ ಚಪ್ಪಲಿಯ ಕಿತ್ತ ಉಂಗುಟ ಹೊಲಿಸಿಕೊಂಡು ಬಂದರು. ಕೆಲಸಕ್ಕೆ ತಿರುಗಿ ಹೋಗಬಹುದೇನೋ, ಹಗಲು ಪಾಳಿ ಕೇಳಬಹುದೇನೋ ಎಂದೆಲ್ಲ ಯೋಚಿಸಿದೆ. ಮೈ ಗುಳಿಗೆಗೆ ಒಗ್ಗಿತು ಎಂದುಕೊಂಡೆ. ದೇವರು ಕಣ್ಣು ಬಿಟ್ಟ ಎಂದುಕೊಂಡೆ.

ಬೇಸಿಗೆಯಲ್ಲಿ ತಪಾಸಣೆಗೆ ಕರೆದಿದ್ದರು. ಯಾವಾಗಲಿನ ಹಾಗೆ ಅತ್ತೆ ಜೊತೆಗೆ ಬಂದರು, ಚೀಲದಲ್ಲಿ ಮಸಾಲೆ ಡಬ್ಬಿ. ನಮ್ಮ ಡಾಕ್ಟರು ಮಿತಮಾತಿನ ಮರಾಠಿ ಹೆಂಗಸು. ನಿದ್ದೆ ಹೇಗಿದೆ ಎಂದು ಕೇಳಿದರು. ನಾನು ನಗುತ್ತ ಹೇಳಿದೆ, ಈಗ ಮಗುವಿನ ಹಾಗೆ ಮಲಗುತ್ತೇನೆ, ಕಾವು ಪೂರ್ತಿ ನಿಂತಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಗುಳಿಗೆ ತೆಗೆದುಕೊಳ್ಳುತ್ತಿದ್ದೀರಾ?"

"ಒಂದು ದಿನವೂ ತಪ್ಪಿಸಿಲ್ಲ. ನಮ್ಮ ಅತ್ತೆ ತಮ್ಮ ಕೈಯಾರೆ ಕೊಡುತ್ತಾರೆ."

"ತೋರಿಸಿ ನೋಡೋಣ."

ಅತ್ತೆ ಡಬ್ಬಿ ತೆಗೆಯಲಿಲ್ಲ. ಚೀಲವನ್ನು ಎದೆಗೆ ಅವಚಿಕೊಂಡು ಕುಳಿತರು. ನಾನೇ ಇಸಿದುಕೊಂಡು ತೆರೆದೆ. ಡಾಕ್ಟರು ಸಾಸಿವೆಯ ಬಟ್ಟಲಿನಿಂದ ಒಂದು ಗುಳಿಗೆ ತೆಗೆದು ಬೆಳಕಿಗೆ ಹಿಡಿದು, ತಿರುವಿ ನೋಡಿ, "ಇದು ನಾನು ಬರೆದುಕೊಟ್ಟದ್ದಲ್ಲ" ಎಂದರು.

ಅತ್ತೆಗೆ ಮರಾಠಿ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಅವರು ನನ್ನ ಕಡೆ ತಿರುಗದೆ ಡಾಕ್ಟರನ್ನೇ ನೋಡುತ್ತ ಕನ್ನಡದಲ್ಲಿ ಹೇಳಿದರು. "ಹೇಳವಾ ಆ ಡಾಕ್ಟರ್ ಬಾಯಿಗೆ. ಗುಳಿಗಿ ಬದ್ಲಿ ಮಾಡಿದಾಕಿ ನಾನs ಅಂತ ಹೇಳು."

ಮರೆತು ಬೇರೆ ಯಾವುದೋ ಹಾಕಿದರಂತೆ ಎಂದು ಹೇಳಿ ಅವರ ಮಾನ ಉಳಿಸಬಹುದಿತ್ತು. ಆದರೆ ಅತ್ತೆಗೆ ನಾನು ಹೇಳುವುದು ತಿಳಿಯುತ್ತದೆ. ಅವರು ಆಡಿದಷ್ಟನ್ನು ಆಡಿದ ಹಾಗೇ ಮರಾಠಿಗೆ ತಿರುಗಿಸಿದೆ.

"ಯಾಕೆ ಅಂತ ಕೇಳಿ" ಎಂದರು ಡಾಕ್ಟರು.

"ಆ ಗುಳಿಗಿ ಹೊಟ್ಟ್ಯಾಗ ಬಿದ್ದಾಗಿಂದ ಇಕಿ ನಿದ್ದಿ ಹೋತು" ಎಂದರು ಅತ್ತೆ. "ಮಾರಿ ನೋಡಿದ್ರ ಹೆಣದಂಗ ಆಗಿತ್ತು. ಇಕಿ ಅಳೂದು ನೋಡಲಾರದs ನಾ ದೇವರ ಮುಂದ ಕುಂದರತಿದ್ದೆ. ಹಬ್ಬದಾಗ ಉಡ್ಯಾಗ ಇದು ಬಂತು. ನಿದ್ದಿ ಕೊಡತದ, ಆ ಬ್ಯಾನಿನೂ ಬರಗೊಡೂದಿಲ್ಲ ಅಂತ ಆ ಹುಡುಗಿ ಹೇಳಿದ್ಲು. ಎರಡೂ ಗುಳಿಗಿ ಮಾಡೂ ಕೆಲಸ ಒಂದs ಇದ್ದ ಮ್ಯಾಲ, ನಿದ್ದಿ ಕಸಗೊಳ್ಳೂದು ಬಿಟ್ಟು ನಿದ್ದಿ ಕೊಡೂದನ್ನ ಕೊಟ್ಟೆ. ಅದ್ರಾಗ ನಂದೇನು ತಪ್ಪದ, ಕೇಳು."

ಅದನ್ನೂ ತಿರುಗಿಸಿದೆ. ಸಿಂಧು ಹೇಳಿದ್ದ ಮೆಲಟೋನಿನ್ ಎಂಬ ಹೆಸರನ್ನೂ ಸೇರಿಸಿದೆ.

ಡಾಕ್ಟರು ಅತ್ತೆಗೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿ ಮುಂದೆ ಎಳೆದುಕೊಂಡು ಅತ್ತೆಯ ಹತ್ತಿರ ಬಂದು, ನಿಧಾನವಾಗಿ ಬಿಡಿಬಿಡಿಯಾಗಿ ಹೇಳಿದರು. ಇದು ಕತ್ತಲಾದಾಗ ಮೈಯೊಳಗೆ ತಾನೇ ಹುಟ್ಟುವ ವಸ್ತು. ಹೆಂಗಸರ ಆರೋಗ್ಯಕ್ಕೂ ಈ ರೋಗಕ್ಕೂ ಅದಕ್ಕೂ ಏನೋ ಸಂಬಂಧ ಇರಬಹುದು ಎಂದು ತಿಳಿದವರು ನೋಡುತ್ತಿದ್ದಾರೆ, ಅದು ಸುಳ್ಳಲ್ಲ. ಆದರೆ ನೋಡುತ್ತಿದ್ದಾರೆ ಅಷ್ಟೇ. ಇದನ್ನು ನುಂಗಿದರೆ ಕ್ಯಾನ್ಸರ್ ಬರುವುದಿಲ್ಲ ಎಂದು ಇವತ್ತು ಯಾರೂ ಮಾತು ಕೊಡಲಾರರು. ಹಾರ್ಮೋನಿನ ಗುಳಿಗೆಯ ಜಾಗದಲ್ಲಿ ಇದು ನಿಲ್ಲುವುದಿಲ್ಲ. ನಿದ್ದೆಗೇ ಬೇಕೆಂದರೂ ತಮ್ಮನ್ನು ಕೇಳದೆ ತೆಗೆದುಕೊಳ್ಳಬಾರದು.

ರಾತ್ರಿ ಪಾಳಿಯಿಂದಲೇ ನನಗೆ ಈ ರೋಗ ಬಂತೇ ಎಂದು ನಾನು ಆಗ ಕೇಳಿದೆ. ಬಹಳ ದಿನದಿಂದ ಗಂಟಲಲ್ಲಿ ಇದ್ದ ಪ್ರಶ್ನೆ. "ಒಬ್ಬರಿಗೆ ಯಾಕೆ ಬಂತು ಅಂತ ಬೆರಳು ತೋರಿಸಲು ನನಗೆ ಆಗುವುದಿಲ್ಲ, ತಾಯಿ" ಎಂದರು. ನನ್ನನ್ನು ಒಳಗೆ ಮಲಗಿಸಿ ಪರೀಕ್ಷೆ ಮಾಡಿ, ಎದೆಯ ಚಿತ್ರಕ್ಕೂ ರಕ್ತಕ್ಕೂ ಬರೆದುಕೊಟ್ಟರು.

ರಿಕ್ಷಾ ಹಿಡಿದು ಮನೆಗೆ ಹೊರಟೆವು. ಸಿಟ್ಟು ಬಂದಿತ್ತು. ಆದರೆ ಸಿಟ್ಟಿಗಿಂತ ಮೊದಲು ಬಂದದ್ದು ಬೇರೆಯೇ. ಇನ್ನು ಆ ನಿದ್ದೆ ಇಲ್ಲ. ಅದು ನೆನಪಾಗಿ ದಾರಿಯಲ್ಲೇ ಬಿಕ್ಕಿ ಬಿಕ್ಕಿ ಅಳತೊಡಗಿದೆ. ಪಕ್ಕದಲ್ಲಿದ್ದ ಅತ್ತೆ ತಮ್ಮ ಮೇಲಿನ ಸಿಟ್ಟಿಗೆ ಅಳುತ್ತಾಳೆ ಎಂದುಕೊಂಡು ಮುದುಡಿ ಕುಳಿತರು, ನಾನೂ ತಿದ್ದಲಿಲ್ಲ.

ಪರೀಕ್ಷೆಯ ಫಲ ಬರುವ ತನಕ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮನೆಯವರು ಅವ್ವನಿಗೆ ಒಂದೇ ಮಾತು ಅಂದರು, "ಕೇಳಬಾರದೇನವ್ವಾ ನನ್ನನ್ನ?" ಅಷ್ಟಕ್ಕೇ ಅತ್ತೆ ಊಟ ಬಿಟ್ಟರು. ಸಿಂಧುವಿಗೆ ನಾನು ಫೋನ್ ಮಾಡಿ, ನೀನೂ ಆ ಸೀಸೆಯನ್ನು ನಂಬಿಕೊಂಡು ಕೂರಬೇಡ, ಡಾಕ್ಟರ ಹತ್ತಿರ ಹೋಗಿ ಎದೆ ಪರೀಕ್ಷೆ ಮಾಡಿಸಿಕೋ ಎಂದೆ. ಇಲ್ಲಿ ನಡೆದದ್ದನ್ನು ಹೇಳಲಿಲ್ಲ. ಆ ಹುಡುಗಿ ತಾಳಿಕೊಳ್ಳುವವಳಲ್ಲ.

ಫಲ ಬಂತು. ಎಲ್ಲ ಸರಿ ಇತ್ತು. ಡಾಕ್ಟರು "ಇವತ್ತಿನಿಂದಲೇ ಮೊದಲಿನ ಗುಳಿಗೆ ಶುರು ಮಾಡಿ" ಎಂದರು. ಕಾವಿಗೆ ಬೇರೆ ಏನೋ ಬರೆದುಕೊಡುತ್ತೇನೆ, ಸ್ವಲ್ಪ ತಗ್ಗಬಹುದು ಎಂದರು. ನಾನು ಎದ್ದವಳು ತಿರುಗಿ ಕುಳಿತೆ.

"ಇಷ್ಟು ದಿನ ಬಿಟ್ಟರೂ ಏನೂ ಆಗಿಲ್ಲವಲ್ಲ. ಬಿಟ್ಟೇ ಬಿಟ್ಟರೆ?"

"ಈಗ ಏನೂ ಇಲ್ಲ ಅಂತ ಚಿತ್ರ ಹೇಳುತ್ತದೆ. ಮುಂದೆ ಬರುವುದಿಲ್ಲ ಅಂತ ಹೇಳುವುದಿಲ್ಲ. ಬಿಡಿ ಅಂತ ನಾನು ಹೇಳಲಾರೆ" ಎಂದರು. ಚೀಟಿಯನ್ನು ನನ್ನ ಕಡೆ ಸರಿಸಿ, "ನುಂಗುವವರು ನೀವು" ಎಂದರು.

ಮನೆಯವರು ಏಳು ಖಾನೆಗಳ ಒಂದು ಪ್ಲಾಸ್ಟಿಕ್ ಡಬ್ಬಿ ತಂದು, ವಾರದ ಗುಳಿಗೆ ತುಂಬಿ ಫ್ರಿಜ್ಜಿನ ಮೇಲೆ ಇಟ್ಟರು. ನನ್ನ ಮೊಬೈಲಿನಲ್ಲಿ ಅಲಾರಾಂ ಹಾಕಿಕೊಟ್ಟರು. ಅದು ಹೊಡೆದುಕೊಂಡಾಗ ನಾನು ಆರಿಸುತ್ತಿದ್ದೆ. ನಾಳೆಯಿಂದ ಎಂದುಕೊಳ್ಳುತ್ತಿದ್ದೆ. ಇನ್ನೊಂದೇ ದಿನ ಕಣ್ತುಂಬ ಮಲಗಿಬಿಡುತ್ತೇನೆ, ಆಮೇಲೆ ನುಂಗಿದರಾಯಿತು. ಮನೆಯವರು ಪಾಳಿ ಮುಗಿಸಿ ಬಂದು "ತಗೊಂಡೇನು?" ಎಂದರೆ ಹೂಂ ಎನ್ನುತ್ತಿದ್ದೆ. ನನಗೆ ಬದುಕುವ ಆಸೆ ಇರಲಿಲ್ಲ ಎಂದಲ್ಲ. ಮಲಗುವ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ನಿದ್ದೆಗೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅತ್ತೆ ಆ ಕಡೆ ಸುಳಿಯುತ್ತಲೇ ಇರಲಿಲ್ಲ. ಮಸಾಲೆ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಮತ್ತೆ ಸಾಸಿವೆ ಜೀರಿಗೆ ತುಂಬಿ ಒಲೆಯ ಪಕ್ಕ ಇಟ್ಟಿದ್ದರು. ನನಗೆ ಏನಾದರೂ ಹೇಳಬೇಕಾದರೆ ಮಗನ ಕೈಯಲ್ಲಿ ಹೇಳಿಸುತ್ತಿದ್ದರು. ಒಂದು ಸಂಜೆ ದೀಪ ಹಚ್ಚಿದವರು ದೇವರ ಮುಂದಿನಿಂದ ಏಳದೆ, ಗೋಡೆಗೆ ಮುಖ ಮಾಡಿಕೊಂಡೇ ಕೇಳಿದರು.

"ಆ ಡಬ್ಬ್ಯಾಗಿನ ಗುಳಿಗಿ ಇದ್ದಂಗs ಅವ. ಯಾಕ ತಗೊಳ್ಳವಲ್ಲಿ?"

ಕೂಡಿಸಿ ಕೂಡಿಸಿ ಓದುವ ಮುದುಕಿ ದಿನಾ ಫ್ರಿಜ್ಜಿನ ಮೇಲೆ ಕಣ್ಣಿಟ್ಟಿದ್ದಳು. "ನಾಳಿಂದ ತಗೋತೀನ್ರಿ ಅತ್ತಿ" ಎಂದೆ.

"ನಿನ್ನೀನೂ ನಾಳಿನs ಇತ್ತು."

ಅವರು ಎದ್ದು ಬಂದು ನನ್ನ ಎದುರು ನೆಲಕ್ಕೆ ಕುಳಿತರು. "ನಾ ಮಾಡಿದ್ದು ತಪ್ಪಾತವಾ. ನೀ ಮಲಗಿದ್ದು ನೋಡಿ ನನಗ ನಿದ್ದಿ ಬರತಿತ್ತು, ಅಷ್ಟs ನೋಡಿದೆ, ಮುಂದಿಂದು ನೋಡಲಿಲ್ಲ. ಈಗ ನೀನೂ ಅದನ್ನs ಮಾಡಾಕತ್ತಿ." "ನಿದ್ದಿ ಇಲ್ಲದs ಇರು. ಅಳು, ಬೈ, ನನ್ನ ಮ್ಯಾಲ ಭಾಂಡೆ ಒಗಿ. ಆದ್ರ ಇರು."

ಮನೆಯವರು ಎಣ್ಣೆ ಹಾಕಿದ ಫ್ಯಾನು ತಲೆಯ ಮೇಲೆ ತಿರುಗುತ್ತಿತ್ತು. ಮೊಬೈಲು ಹೊಡೆದುಕೊಂಡಿತು. ನಾನು ಆರಿಸಿ, ಅಂಗೈ ಚಾಚಿದೆ.

"ನೀವs ಕೊಡ್ರಿ."

"ನನ್ನ ಕೈಲೆ ಬ್ಯಾಡವಾ" ಎಂದರು.

ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಅವರು ಮೊಣಕಾಲು ಹಿಡಿದುಕೊಂಡು ಎದ್ದು, ಫ್ರಿಜ್ಜಿನ ಮೇಲಿನ ಡಬ್ಬಿ ಇಳಿಸಿ, ಆ ಸಣ್ಣ ಮುಚ್ಚಳ ತೆರೆಯಲು ಒದ್ದಾಡಿ ತೆರೆದರು. ನನ್ನ ನಿದ್ದೆ ಕಸಿಯುವ ಗುಳಿಗೆಯನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಅಂಗೈಯಲ್ಲಿ ಇಟ್ಟರು. ಇಟ್ಟ ಮೇಲೂ ಕೈ ತೆಗೆಯಲಿಲ್ಲ.

"ನೋಡಿ ನುಂಗು" ಎಂದರು.

ನೋಡಿದೆ. ಇವತ್ತಿನಿಂದ ಮತ್ತೆ ನಿದ್ದೆ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನುಂಗಿದೆ. ಅತ್ತೆ ಖಾಲಿ ಲೋಟ ಇಸಿದುಕೊಂಡು, ತಮ್ಮ ಹಾಸಿಗೆಯನ್ನು ಅಡುಗೆಮನೆಯಿಂದ ತಂದು ನನ್ನ ಹಾಸಿಗೆಯ ಪಕ್ಕ ಹಾಸಿದರು.